ಚರ್ಚಿನ ಬಾಗಿಲಲ್ಲಿ ಅಳತೆ ಟೇಪು

ಉಡುಪಿನ ಬಗ್ಗೆ ಚರ್ಚುಗಳ ನೋಟಿಸ್ ಬೋರ್ಡಿನಲ್ಲಿ ಅಂಟಿಸುವ ಚೀಟಿಗಳನ್ನು ಓದಿದರೆ ವಿಷಯ ಹೆಚ್ಚುಕಡಿಮೆ ಒಂದೇ. ತೋಳಿಲ್ಲದ ರವಿಕೆ ಬೇಡ, ಮಂಡಿ ಕಾಣುವ ಫ್ರಾಕು ಬೇಡ, ಲೆಗ್ಗಿಂಗ್ಸ್ ಮೇಲೆ ಗಿಡ್ಡ ಟಾಪು ಬೇಡ, ತಲೆಯ ಮೇಲೆ ಸೆರಗೋ ದುಪಟ್ಟಾವೋ ಇರಲಿ. ಗಂಡಸರ ಪಾಲಿಗೆ ಕೊನೆಯದೊಂದು ಸಾಲು: ಬರ್ಮುಡಾ ಹಾಕಿಕೊಂಡು ಬರಬೇಡಿ. ಇದಕ್ಕೆಲ್ಲ ಆಧಾರವೆಂದು ಕೊಡುವ ವಚನ ಬಹುಮಟ್ಟಿಗೆ 1 ತಿಮೊಥೆಯ 2:9, ಅಂದರೆ ತಿಮೊಥೆಯನಿಗೆ ಪೌಲನ ಹೆಸರಿನಲ್ಲಿರುವ ಮೊದಲ ಪತ್ರದ ಒಂದು ಸಾಲು. ಸತ್ಯವೇದ ತೆಗೆದು ಆ ವಚನ ಓದಿ ನೋಡಿ. ಅಲ್ಲಿ ತೋಳೂ ಇಲ್ಲ, ಮಂಡಿಯೂ ಇಲ್ಲ. ಹೆಂಗಸರು ಮಾನದಿಂದ, ಹದವರಿತು ಉಡಬೇಕು ಎಂದಮೇಲೆ ಏನು ಬೇಡ ಎಂಬುದನ್ನು ಪತ್ರ ಹೆಸರು ಹಿಡಿದು ಹೇಳುತ್ತದೆ: ಹೆಣೆದ ಜಡೆ, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ. ನಾಲ್ಕೂ ದುಡ್ಡಿನ ಬಾಬತ್ತು.

ಜಡೆ ಹೇಗೆ ದುಡ್ಡಿನ ಬಾಬತ್ತು ಎಂದು ಕೇಳಬಹುದು. ನಮ್ಮಲ್ಲಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಟೇಪು ಕಟ್ಟಿ ಶಾಲೆಗೆ ಕಳಿಸುವುದೇ ಶಿಸ್ತು. ಆದರೆ ಪತ್ರ ಹೋದದ್ದು ಎಫೆಸಕ್ಕೆ, ರೋಮನ್ನರ ಆಳ್ವಿಕೆಯ ದೊಡ್ಡ ವ್ಯಾಪಾರದ ಊರಿಗೆ. ಅಲ್ಲಿಯ ಸಿರಿವಂತ ಹೆಂಗಸರ ಕೇಶಾಲಂಕಾರಕ್ಕೆ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಹೆಣೆದು, ತಲೆಯ ಸುತ್ತ ಸುರುಳಿ ಸುತ್ತಿ, ಅದು ಜಾರದಂತೆ ಸೂಜಿ ದಾರದಿಂದ ಹೊಲಿಯುತ್ತಿದ್ದರು. ತನ್ನ ತಲೆಯನ್ನು ತಾನೇ ಹಾಗೆ ಹೊಲಿದುಕೊಳ್ಳುವುದು ಸುಲಭವಲ್ಲ. ಆ ಕೆಲಸಕ್ಕೆಂದೇ ಮನೆಯಲ್ಲಿ ಗುಲಾಮ ಹೆಂಗಸರು ಇರುತ್ತಿದ್ದರು. ಅಂದರೆ ಪ್ರಾರ್ಥನೆಗೆ ಹಾಗೆ ಹೆಣೆಸಿಕೊಂಡು ಬಂದವಳ ತಲೆಯ ಮೇಲೆ ಇನ್ನೊಬ್ಬಳ ಬೆಳಗಿನ ಹೊತ್ತೆಲ್ಲ ಕೂತಿರುತ್ತಿತ್ತು. ಆ ಇನ್ನೊಬ್ಬಳೂ ಅದೇ ಸಭೆಯಲ್ಲಿ ಹಿಂದೆ ನಿಂತಿರುವ ಸಾಧ್ಯತೆ ಇತ್ತು, ಏಕೆಂದರೆ ಮೊದಲ ಶತಮಾನದ ಸಭೆಗಳಲ್ಲಿ ಒಡತಿಯರೂ ಇದ್ದರು, ಗುಲಾಮರೂ ಇದ್ದರು.

ಮುತ್ತಿನ ವಿಷಯ ಇನ್ನೂ ಸ್ಪಷ್ಟ. ರೋಮಿನ ಲೇಖಕ ಪ್ಲಿನಿ ತನ್ನ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಸಾಮ್ರಾಟ ಕಲಿಗುಲನ ಹೆಂಡತಿಯಾಗಿದ್ದ ಲೋಲಿಯಾ ಪೌಲಿನಾ ಒಂದು ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ಬಂದಾಗ ತಲೆ, ಕಿವಿ, ಕುತ್ತಿಗೆ, ಬೆರಳುಗಳ ತುಂಬ ಪಚ್ಚೆ ಮತ್ತು ಮುತ್ತು. ಒಟ್ಟು ಬೆಲೆ 4 ಕೋಟಿ ಸೆಸ್ಟರ್ಸ್, ಅಂದರೆ ಆಗಿನ ರೋಮನ್ ನಾಣ್ಯ. ಯಾರಾದರೂ ಅನುಮಾನಪಟ್ಟರೆ ತೋರಿಸಲು ಖರೀದಿ ಚೀಟಿಗಳನ್ನೂ ಸಿದ್ಧವಾಗಿ ಇಟ್ಟುಕೊಂಡಿದ್ದಳಂತೆ. ಇದು ನಡೆದದ್ದು ಪೌಲನು ಊರೂರು ಸುತ್ತುತ್ತಿದ್ದ ಕಾಲದ ಆಸುಪಾಸಿನಲ್ಲೇ. ಖರೀದಿ ಚೀಟಿ ಕೈಯಲ್ಲಿ ಹಿಡಿದು ಊಟಕ್ಕೆ ಬರುವ ಜಗತ್ತಿನಲ್ಲಿ 'ಮುತ್ತು ಬೇಡ' ಎಂಬ ಮಾತಿಗೆ ಏನರ್ಥ ಎಂದು ಆಗಿನ ಕೇಳುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಪೇತ್ರನ ಮೊದಲ ಪತ್ರದ 3:3 ಕೂಡ ಇದೇ ಜಾಡಿನದು: ಜಡೆ ಹೆಣೆಯುವುದು, ಚಿನ್ನ ಇಡುವುದು, ವಸ್ತ್ರ ತೊಡುವುದು ಇವು ನಿಮ್ಮ ಅಲಂಕಾರವಾಗದಿರಲಿ, ಒಳಗಿನ ಮನುಷ್ಯ ಅಲಂಕಾರವಾಗಲಿ. ಚಿನ್ನವನ್ನು ಪೂರ್ತಿ ನಿಷೇಧಿಸುವ ಸಭೆಗಳು ಈ ವಚನವನ್ನು ಅಕ್ಷರಶಃ ಹಿಡಿಯುತ್ತವೆ. ಹಾಗೆ ಹಿಡಿದರೆ ಸಾಲಿನ ಮೂರನೆಯ ಪದವನ್ನೂ ಅಕ್ಷರಶಃ ಹಿಡಿಯಬೇಕಾಗುತ್ತದೆ, ಆಗ ಬಟ್ಟೆಯನ್ನೇ ತೊಡುವಂತಿಲ್ಲ. ಅಷ್ಟು ದೂರ ಯಾರೂ ಹೋಗುವುದಿಲ್ಲ. ಇದು ತೂಕ ಎಲ್ಲಿರಬೇಕು ಎಂದು ಹೇಳುವ ಮಾತು, ಪಟ್ಟಿ ಮಾಡಿ ತಪಾಸಣೆ ನಡೆಸಲು ಬರೆದದ್ದಲ್ಲ.

ಇನ್ನು ಯಾಕೋಬನ ಪತ್ರದ ಎರಡನೆಯ ಅಧ್ಯಾಯ. ಉಡುಪಿನ ಬೋಧನೆಯಲ್ಲಿ ಇದನ್ನು ಎತ್ತುವವರು ಕಡಿಮೆ, ಎತ್ತಲೇಬೇಕಾದದ್ದು ಇದೇ. ಚಿನ್ನದುಂಗುರ ಇಟ್ಟುಕೊಂಡು ಥಳಥಳ ಬಟ್ಟೆ ತೊಟ್ಟ ಗಂಡಸೊಬ್ಬ ಸಭೆಗೆ ಬರುತ್ತಾನೆ, ಕೊಳೆ ಬಟ್ಟೆಯ ಬಡವನೂ ಬರುತ್ತಾನೆ. ಮೊದಲನೆಯವನಿಗೆ ಒಳ್ಳೆಯ ಆಸನ, ಎರಡನೆಯವನಿಗೆ 'ಅಲ್ಲೇ ನಿಂತುಕೋ, ಇಲ್ಲವೇ ನನ್ನ ಕಾಲ ಬಳಿ ಕೂತುಕೋ'. ಹೀಗೆ ಮಾಡಿದರೆ ನೀವು ಕೆಟ್ಟ ನ್ಯಾಯಾಧಿಪತಿಗಳು ಎನ್ನುತ್ತಾನೆ ಯಾಕೋಬ. ಇಲ್ಲಿ ತಪ್ಪಿತಸ್ಥ ಉಟ್ಟವನಿಗಿಂತ ಹೆಚ್ಚಾಗಿ ಕೂರಿಸಿದವನು. ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಕುರ್ಚಿ ಕಾದಿರಿಸುವ ನಮ್ಮ ಅದೆಷ್ಟೋ ಮದುವೆಗಳಿಗೆ ಇದು ಅನ್ವಯಿಸುತ್ತದೆ. ಆದರೆ ಇದನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದಿಲ್ಲ.

ಯೆಶಾಯನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಚೀಯೋನಿನ ಸ್ತ್ರೀಯರ ಆಭರಣಗಳ ಉದ್ದ ಪಟ್ಟಿ ಇದೆ. ಕಾಲಗೆಜ್ಜೆ, ಬಳೆ, ಮುಸುಕು, ಮೂಗುತಿ, ಕೈಚೀಲ, ಹೀಗೆ 21 ವಸ್ತುಗಳು. ಸಿಂಗಾರದ ವಿರುದ್ಧದ ಪ್ರಸಂಗಗಳಲ್ಲಿ ಈ ಪಟ್ಟಿ ಓದುತ್ತಾರೆ, ಒಂದು ವಚನ ಮೇಲಿನಿಂದ ಶುರುಮಾಡುವುದಿಲ್ಲ. 15ನೆಯ ವಚನದಲ್ಲಿ ಬಡವರ ಮುಖವನ್ನು ಅರೆಯುತ್ತೀರಲ್ಲಾ, ಇದೇನು ಎಂಬ ಪ್ರಶ್ನೆ ಇದೆ. 14ರಲ್ಲಿ ಬಡವರಿಂದ ದೋಚಿದ್ದು ನಿಮ್ಮ ಮನೆಯಲ್ಲಿದೆ ಎಂಬ ಆರೋಪ ಇದೆ. 16ರಿಂದ ಆಭರಣ ಶುರು. ಪಟ್ಟಿ ಒಂದು ಬಗೆಯ ಜಪ್ತಿ ಮಹಜರು.

ಹಳೆಯ ಸಭಾಪಿತೃಗಳಿಗೆ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಬೋಧಕರಿಗೆ, ಇದು ಗೊತ್ತಿತ್ತು. 200ರ ಸುಮಾರಿಗೆ ಬರೆದ ಕಾರ್ಥೇಜಿನ ತೆರ್ತುಲ್ಲಿಯನ್, ಒಂದು ಎಳೆಯ ಕುತ್ತಿಗೆ ಕಾಡುಗಳನ್ನೂ ದ್ವೀಪಗಳನ್ನೂ, ಅಂದರೆ ಅವುಗಳ ಬೆಲೆಯ ಒಡವೆಯನ್ನು, ಹೊತ್ತು ತಿರುಗುತ್ತದೆ ಎಂದು ಹಂಗಿಸಿದ. ಅದೇ ಮನುಷ್ಯ ಹೆಣ್ಣಿನ ಮೇಲೆ ಹೇಳಿದ ಬೇರೆ ಮಾತುಗಳನ್ನು ಇವತ್ತು ಓದಲು ಕಷ್ಟ, ಆ ಕಹಿ ಸಭೆಯ ಬೋಧನೆಯಲ್ಲಿ ಬಹುಕಾಲ ಉಳಿಯಿತು ಕೂಡ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ ಲೆಕ್ಕವನ್ನು ಮತ್ತೆ ದುಡ್ಡಿಗೇ ತಂದ: ನೀನು ಬಟ್ಟೆಗೆ ಅನಗತ್ಯವಾಗಿ ಹಾಕಿದ ದುಡ್ಡು ಬಟ್ಟೆಯಿಲ್ಲದವನ ಮೈಯಿಂದ ಕಿತ್ತದ್ದು. 1744ರಲ್ಲಿ ತನ್ನ ಸಣ್ಣ ಗುಂಪುಗಳಿಗೆ ಕೊಟ್ಟ ಸೂಚನೆಯಲ್ಲಿ ಉಂಗುರ, ಓಲೆ, ಸರ, ಲೇಸು, ನೆರಿಗೆಪಟ್ಟಿ ಇವಿಷ್ಟನ್ನು ಹೆಸರಿಸಿ ಬೇಡವೆಂದ.

ನಿಯಮ ಎಲ್ಲಿ ಜಾರುತ್ತದೆ ಎಂಬುದನ್ನು ನೋಡಲು ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಕ್ವೇಕರರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸರಳ ಉಡುಪು ಎಂದರೆ ಬೂದು, ಕಂದು, ಲೇಸಿಲ್ಲದ ಕಾಲರು ಎಂದು ಮೆಲ್ಲಗೆ ನಿಂತುಬಿಟ್ಟಿತು. ವ್ಯಾಪಾರದಲ್ಲಿ ಅವರು ಚೆನ್ನಾಗಿ ಗಳಿಸಿದಂತೆ ಬಣ್ಣ ಬೂದಾಗಿಯೇ ಉಳಿಯಿತು, ಬಟ್ಟೆ ಮಾತ್ರ ಅಂಗಡಿಯ ಅತ್ಯುತ್ತಮ ಮಾಲಾಯಿತು. ಆ ಪಂಥ ಕಟ್ಟಿದವರಲ್ಲಿ ಒಬ್ಬಳಾದ ಮಾರ್ಗರೆಟ್ ಫೆಲ್ ಮುಪ್ಪಿನಲ್ಲಿ, 1700ರಲ್ಲಿ, ಎಲ್ಲರೂ ಒಂದೇ ಉಡುಪು ಒಂದೇ ಬಣ್ಣ ಎನ್ನುವುದು ಬಡಕಲು ಸುವಾರ್ತೆ ಎಂದು ಖಾರವಾಗಿಯೇ ಬರೆದಳು. ಕೇಳಿದವರು ಕಡಿಮೆ.

ಅಮೆರಿಕದ ಆಮಿಷ್ ಸಭೆಗಳು ಇದೇ ಕೆಲಸವನ್ನು ಹೆಚ್ಚು ಎಚ್ಚರದಿಂದ ಮಾಡಿವೆ ಎನ್ನಬೇಕು. ಹೆಂಗಸರ ಅಂಗಿಯ ಮುಂಭಾಗಕ್ಕೆ ಗುಂಡಿ ಇರುವುದಿಲ್ಲ, ಗುಂಡುಸೂಜಿಗಳಿಂದ ಜೋಡಿಸುತ್ತಾರೆ. ಮೇಲೆ ಭುಜದಿಂದ ಸೊಂಟಕ್ಕೆ ಇಳಿಯುವ ತ್ರಿಕೋನದ ಬಟ್ಟೆ, ಅದರ ಮೇಲೆ ಏಪ್ರನ್. ಗುಂಡಿ ಅಲಂಕಾರವಾಗಬಹುದು ಎಂಬ ಅಳುಕು ಒಂದು ಕಾರಣ. ಇನ್ನೊಂದು ಲಾಭವೂ ಇದೆ: ಬಸುರಿನಲ್ಲಿ, ಬಾಣಂತನದಲ್ಲಿ, ಮೈ ಇಳಿದಾಗ ಸೂಜಿ ಸರಿಸಿದರೆ ಅದೇ ಅಂಗಿ ಸಾಕು. ಗಂಡಸರ ಭಾನುವಾರದ ಕೋಟಿಗೆ ಗುಂಡಿಯ ಬದಲು ಕೊಕ್ಕೆ. ಟೋಪಿಯ ಅಂಚಿನ ಅಗಲದಂಥ ವಿವರವನ್ನೂ ಆಯಾ ಸಭೆಯೇ ನಿರ್ಧರಿಸುತ್ತದೆ, ವರ್ಷಕ್ಕೆ ಎರಡು ಸಲ ಪ್ರಭುಭೋಜನಕ್ಕೆ ಮುಂಚೆ ಆ ಕಟ್ಟಳೆಗೆ ಎಲ್ಲರ ಒಪ್ಪಿಗೆ ಕೇಳುತ್ತಾರೆ. ನಿಯಮ ಗಂಡಸಿಗೂ ಅಷ್ಟೇ ಬಿಗಿ ಎಂಬುದನ್ನು ಗಮನಿಸಿ. ಇದಕ್ಕೂ ಬೆಲೆ ಉಂಟು: ಇಂಥ ಸಣ್ಣ ವಿವರಗಳ ಮೇಲೆ ಸಭೆಗಳು ಒಡೆದಿವೆ.

ನಮ್ಮ ಕರಾವಳಿಗೆ ಬಂದರೆ ಕಥೆ ತಿರುಗುಮುರುಗು. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಧರ್ಮವಿಚಾರಣೆಯ ನ್ಯಾಯಾಲಯ, ಹೊರಡಿಸಿದ ಆಜ್ಞೆಯಲ್ಲಿ ಊರಿನ ಕ್ರೈಸ್ತ ಗಂಡಸರು ಪುಡ್ವೆಂ (ಪಂಚೆ) ಉಡಬಾರದು, ಹೆಂಗಸರು ಚೋಳಿ ತೊಡಬಾರದು ಎಂದಿತ್ತು. ಕಾರಣ ಮೈ ಕಾಣುವುದಲ್ಲ, ಅದು ಹಿಂದೂಗಳ ಉಡುಪು ಎಂಬುದು. ಗೋವಾದಿಂದ ಕೆನರಾಕ್ಕೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರು ಸೀರೆಯನ್ನು ಬಿಡಲಿಲ್ಲ. ಮಂಗಳೂರಿನ ಮದುವೆಗಳಲ್ಲಿ ಇವತ್ತಿಗೂ ವಧು ಬಿಳಿ ಗೌನಿನಲ್ಲಿ ಪೀಠದೆದುರು ನಿಂತು, ಮದುವೆ ಹಾಲ್‌ಗೆ ಬಂದಮೇಲೆ ಗಂಡಿನ ಮನೆಯವರು ಕೊಟ್ಟ ಕೆಂಪು 'ಸಾಡೊ' ಉಡುತ್ತಾಳೆ. ಒಂದೇ ದಿನದಲ್ಲಿ ಎರಡು ಮರ್ಯಾದೆ, ಎರಡಕ್ಕೂ ಎರಡು ಖರ್ಚು.

ಗೋವಾದಲ್ಲಿ ಬೇಡವಾದ ರವಿಕೆಗಾಗಿ ಮುಂದಿನ ಶತಮಾನದಲ್ಲಿ ತಿರುವಾಂಕೂರಿನಲ್ಲಿ ಬಡಿದಾಟವಾಯಿತು. ಅಲ್ಲಿ ಮೇಲ್ಜಾತಿಯವರ ಎದುರು ಎದೆಯ ಬಟ್ಟೆ ತೆಗೆದು ನಿಲ್ಲುವುದೇ ಮರ್ಯಾದೆ. ಕೆಳಜಾತಿಯೆಂದು ಎಣಿಸಿದ್ದ ನಾಡಾರ್ ಹೆಂಗಸರಿಗೆ, ಅವರಿಗಿಂತ ಕೆಳಗೆಂದು ಎಣಿಸಿದವರಿಗೆ, ಎದೆ ಮುಚ್ಚುವ ಹಕ್ಕೇ ಇರಲಿಲ್ಲ. ಲಂಡನ್ ಮಿಷನ್ನಿನವರು ನಾಗರಕೋವಿಲ್ ಸುತ್ತ ಸಭೆಗಳನ್ನು ಕಟ್ಟಿದಾಗ ಕ್ರೈಸ್ತರಾದ ನಾಡಾರ್ ಹೆಂಗಸರು ಮೇಲ್ವಸ್ತ್ರ ಹೊದ್ದು ಹೊರಟರು. 1813ರಲ್ಲಿ ದಿವಾನರೂ ಆಗಿದ್ದ, ಬ್ರಿಟಿಷರ ಪ್ರತಿನಿಧಿ (ರೆಸಿಡೆಂಟ್) ಕರ್ನಲ್ ಮನ್ರೊ ಅನುಮತಿ ಕೊಟ್ಟರು. ಆಸ್ಥಾನದ ವಿರೋಧ ಬಂದಾಗ ಅದು 'ಕುಪ್ಪಾಯ'ಕ್ಕೆ ಇಳಿಯಿತು, ಅಂದರೆ ಸಿರಿಯನ್ ಕ್ರೈಸ್ತ ಮತ್ತು ಮಾಪಿಳ್ಳೆ ಮುಸ್ಲಿಂ ಹೆಂಗಸರು ತೊಡುವಂಥ ಸಡಿಲ ಕುಪ್ಪಸ. ಹೆಂಗಸರು ಕುಪ್ಪಸವನ್ನೂ ತೊಟ್ಟರು, ಮೇಲೆ ಹೆಗಲ ವಸ್ತ್ರವನ್ನೂ ಹೊದ್ದರು. ಗಲಾಟೆ ಎದ್ದದ್ದು ಆ ಎರಡನೆಯದಕ್ಕೆ. 1829ರ ಘೋಷಣೆ ಕುಪ್ಪಸ ಇರಲಿ, ಹೆಗಲ ವಸ್ತ್ರ ಬೇಡ ಎಂದಿತು. 1858-59ರಲ್ಲಿ ಸಂತೆಗಳಲ್ಲಿ ಹೆಂಗಸರ ಬಟ್ಟೆ ಹರಿದರು, ಮನೆ, ಚರ್ಚು ಸುಟ್ಟರು. ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಒತ್ತಡ ಹಾಕಿದಮೇಲೆ 1859ರ ಜುಲೈ 26ರಂದು ಮಹಾರಾಜರ ಘೋಷಣೆ ಬಂತು: ಕ್ರೈಸ್ತರಾಗಲಿ ಅಲ್ಲದವರಾಗಲಿ, ನಾಡಾರ್ ಹೆಂಗಸರು ಕುಪ್ಪಸ ತೊಡಬಹುದು, ದಪ್ಪ ಬಟ್ಟೆಯನ್ನು ಮೀನುಗಾರ್ತಿಯರಂತೆ ಸುತ್ತಿಕೊಳ್ಳಬಹುದು, ಆದರೆ ಮೇಲ್ಜಾತಿಯ ಹೆಂಗಸರು ಹೊದೆಯುವ ರೀತಿಯಲ್ಲಿ ಹೊದೆಯಬಾರದು.

ಆ ಕೊನೆಯ ಷರತ್ತಿನಲ್ಲೇ ಎಲ್ಲ ಇದೆ. ಜಗಳ ಮೈಯದ್ದಾಗಿದ್ದರೆ ಯಾವ ಬಟ್ಟೆಯಿಂದ ಮುಚ್ಚಿದರೂ ನಡೆಯಬೇಕಿತ್ತು. ಮಾನವೆಂಬುದು ಅಂತಸ್ತಿನ ಸ್ವತ್ತಾಗಿತ್ತು, ಅದನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ಎಫೆಸದ ಹೆಂಗಸಿಗೆ 'ಮಾನದಿಂದ ಉಡು' ಎಂದರೆ ಮೇಲಿನಿಂದ ಸ್ವಲ್ಪ ಇಳಿ ಎಂದರ್ಥ. ತಿರುವಾಂಕೂರಿನ ಹೆಂಗಸಿಗೆ ಅದೇ ವಚನ ನೆಟ್ಟಗೆ ನಿಲ್ಲು ಎಂದು ಕೇಳಿಸಿತು. ಇನ್ನೊಂದು ತಮಾಷೆ: ನಾಗರಕೋವಿಲಿನಲ್ಲಿ ಮಿಷನರಿಯ ಪತ್ನಿ ಮಾರ್ಥಾ ಮಾಲ್ಟ್ 1820ರ ದಶಕದಲ್ಲಿ ಹುಡುಗಿಯರಿಗೆ ಕಲಿಸಿದ ಕಸುಬು ಲೇಸು ಹೆಣೆಯುವುದು. ವೆಸ್ಲಿ ಬೇಡವೆಂದ ಅದೇ ಲೇಸು. ಜೀತದಲ್ಲಿದ್ದ ಹೆಂಗಸರು ಅದರ ಕೂಲಿಯಿಂದ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರು.

ಪಕ್ಕದ ಸಿರಿಯನ್ ಕ್ರೈಸ್ತರ ಹಳೆಯ ಉಡುಪು 'ಚಟ್ಟ ಮುಂಡು' ಮೈ ಮುಚ್ಚುವ ವಿಷಯದಲ್ಲಿ ಜಾಣ ಹೊಲಿಗೆ ಮತ್ತು ಉಡಿಗೆ. ಸುಮಾರು ಏಳು ಗಜದ ಬಿಳಿ ಮುಂಡು, ಅದರ ತುದಿಯನ್ನು ಸಣ್ಣಗೆ ನೆರಿಗೆ ಹಿಡಿದು ಬೀಸಣಿಗೆಯಂತೆ ಸೊಂಟದ ಹಿಂದೆ ಸಿಕ್ಕಿಸುತ್ತಾರೆ. ಹಿಂಭಾಗದ ಆಕಾರ ಆ ನೆರಿಗೆಯ ಹಿಂದೆ ಮರೆ. ಮೇಲೆ ಸಡಿಲ ಬಿಳಿ ಅಂಗಿ. ಚರ್ಚಿಗೆ ಹೋಗುವಾಗ ಜರಿಯಂಚಿನ ಮೇಲ್ವಸ್ತ್ರ 'ಕವಣಿ' ಹೊದೆದು ತಲೆಗೂ ಎಳೆದುಕೊಳ್ಳುತ್ತಾರೆ. ಕಿವಿಯ ಮೇಲ್ಭಾಗದಲ್ಲಿ ಚಿನ್ನದ ರಿಂಗು ಮಾತ್ರ ಇದ್ದೇ ಇರುತ್ತಿತ್ತು.

ತಲೆಯ ಮುಸುಕಿನ ಮಾತು ಬಂದಿತಲ್ಲ. ಅದರ ಆಧಾರ ಬೇರೆ, 1 ಕೊರಿಂಥ 11. ಪ್ರಾರ್ಥಿಸುವ ಹೆಂಗಸು ತಲೆ ಮುಚ್ಚಬೇಕು, ಗಂಡಸು ಮುಚ್ಚಬಾರದು. ಕ್ಯಾಥೊಲಿಕರಲ್ಲಿ 1917ರ ಧರ್ಮಸಭಾ ಕಾನೂನಿನ 1262ನೆಯ ನಿಯಮ ಇದನ್ನು ಕಡ್ಡಾಯ ಮಾಡಿತ್ತು. ಅದಕ್ಕೆ ಈಗ ನಿಯಮದ ಬಲವಿಲ್ಲ ಎಂದು 1976ರಲ್ಲಿ ವ್ಯಾಟಿಕನ್ ದಾಖಲೆಯೊಂದು ಹೇಳಿತು, 1983ರ ಹೊಸ ಕಾನೂನಿನಲ್ಲಿ ಆ ನಿಯಮವೇ ಇಲ್ಲ. ಹಾಗಾಗಿ ಕ್ಯಾಥೊಲಿಕ್ ಚರ್ಚಿನಲ್ಲಿ ತಲೆಗೆ ಹೊದೆಯುವುದು ರೂಢಿ, ಕಟ್ಟಳೆ ಅಲ್ಲ. ಬ್ರದರನ್ ಮತ್ತು ಹಲವು ಪೆಂತೆಕೋಸ್ತ್ ಸಭೆಗಳಲ್ಲಿ ಈಗಲೂ ವಚನದ ಬಲವೇ ಬಲ.

ಹೊದೆಯುವುದಾದರೆ ಹೊದಿಕೆ ನಿಲ್ಲಬೇಕು. ಐದು ನಿಮಿಷಕ್ಕೊಮ್ಮೆ ಎಳೆದುಕೊಳ್ಳುತ್ತಿದ್ದರೆ ಪಕ್ಕದವರ ಪ್ರಾರ್ಥನೆಯೂ ಕೆಡುತ್ತದೆ. ಸ್ಯಾಟಿನ್, ಜಾರ್ಜೆಟ್ ಜಾರುತ್ತವೆ, ಹತ್ತಿ ಅಥವಾ ಒರಟು ನೆಟ್ಟು ಕೂದಲಿಗೆ ಕಚ್ಚಿಕೊಳ್ಳುತ್ತದೆ. ಸೀರೆಯುಟ್ಟವರ ಸಾಮಾನ್ಯ ತೊಂದರೆ, ಸೆರಗನ್ನು ಹೆಗಲಿಗೆ ಬಿಗಿಯಾಗಿ ಪಿನ್ ಮಾಡಿರುವುದು. ಆಗ ತಲೆಗೆ ಎಳೆದರೆ ಮುಂದಿನ ನೆರಿಗೆಯೇ ಮೇಲೆ ಬಂದು ಸೊಂಟ ಬಯಲಾಗುತ್ತದೆ. ಹೆಗಲ ಪಿನ್ನನ್ನು ನಾಲ್ಕು ಬೆರಳು ಹಿಂದಕ್ಕೆ ಹಾಕಿ, ಬೆನ್ನ ಮೇಲೆ ಒಂದು ಗೇಣು ಸಡಿಲ ಬಿಟ್ಟು, ತಲೆಯ ಮೇಲೆ ಕೂತ ಜಾಗದಲ್ಲಿ ಎರಡು ಕಪ್ಪು ಹೇರ್‌ಪಿನ್ ಸಿಕ್ಕಿಸಿದರೆ ಆರಾಧನೆ ಮುಗಿಯುವವರೆಗೂ ಅಲ್ಲಾಡುವುದಿಲ್ಲ.

ರವಿಕೆಯ ವಿಷಯದಲ್ಲಿ ಚರ್ಚುಗಳು ಅಳೆಯುವುದು ತೋಳಿನ ಉದ್ದ. ಕೈಕೊಡುವುದು ಕಂಕುಳಿನ ಕತ್ತರಿಕೆ. 'ಸಡಿಲ ಇರಲಿ' ಎಂದು ಟೈಲರ್ ಕಂಕುಳನ್ನು ಆಳಕ್ಕೆ ಕತ್ತರಿಸಿದರೆ ಸ್ತುತಿಗೆ ಕೈ ಎತ್ತಿದಾಗ ಇಡೀ ರವಿಕೆ ಮೇಲೇರುತ್ತದೆ. ಕಂಕುಳು ಮೈಗೆ ಹತ್ತಿರವಾಗಿ, ಎತ್ತರದಲ್ಲಿ ಕೂತರೆ ಕೈ ಎದ್ದರೂ ರವಿಕೆ ತನ್ನ ಜಾಗ ಬಿಡುವುದಿಲ್ಲ. ಕುತ್ತಿಗೆಯನ್ನು ನಿಂತು ನೋಡಿ ಒಪ್ಪಬಾರದು, ಮೊಣಕಾಲೂರಿ ಮುಂದಕ್ಕೆ ಬಾಗಿ ಕನ್ನಡಿ ನೋಡಬೇಕು. ಲೈನಿಂಗ್ ಬಟ್ಟೆಯನ್ನು ಹೊಲಿಯುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಮೇಲಿನ ಬಟ್ಟೆ ಉಬ್ಬಿ ಕುತ್ತಿಗೆ ಬಾಯಿ ಬಿಡುತ್ತದೆ. ಬಿಳಿ ಸೀರೆ, ಬಿಳಿ ಗೌನಿನ ಒಳಗೆ ಬಿಳಿ ಒಳಬಟ್ಟೆ ಹಾಕಿದರೆ ಅದರ ಅಂಚು ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ ಬಣ್ಣ ಕಾಣುವುದಿಲ್ಲ. ಪರೀಕ್ಷೆ ಮಾಡುವುದು ಟ್ಯೂಬ್‌ಲೈಟಿನ ಕೆಳಗಲ್ಲ, ಬಿಸಿಲು ಬೀಳುವ ಬಾಗಿಲಿಗೆ ಬೆನ್ನು ಕೊಟ್ಟು. ಚರ್ಚಿನ ಬಾಗಿಲಲ್ಲಿ ಫೋಟೊ ತೆಗೆಯುವಾಗ ಬೆಳಕು ಬರುವುದು ಹಾಗೆಯೇ.

ಗಂಡಸರಿಗೂ ಇದೇ ಪರೀಕ್ಷೆ ಬೇಕು. ಗಿಡ್ಡ ಶರ್ಟು, ಸೊಂಟದಿಂದ ಜಾರಿದ ಜೀನ್ಸು ತೊಟ್ಟು ಮುಂದಿನ ಬೆಂಚಿನಲ್ಲಿ ಮೊಣಕಾಲೂರಿದರೆ ಹಿಂದಿನವರ ಪಾಡು ಹೇಳುವಂತಿಲ್ಲ. ಶರ್ಟು ಸೊಂಟಪಟ್ಟಿಗಿಂತ ಒಂದು ಗೇಣಾದರೂ ಕೆಳಗಿರಲಿ, ಇಲ್ಲವೇ ಒಳಗೆ ಸಿಕ್ಕಿಸಿರಲಿ.

ಚಿನ್ನದ ಲೆಕ್ಕ ಇನ್ನೂ ಬಾಕಿ. ಪೆಂತೆಕೋಸ್ತ್ ಸಭೆಗಳಲ್ಲಿ ಹಲವು ಕಡೆ ದೀಕ್ಷಾಸ್ನಾನಕ್ಕೆ ಮುಂಚೆ ಓಲೆ, ಬಳೆ, ಸರ ತೆಗೆದುಬಿಡುತ್ತಾರೆ, ಮದುವೆಯೂ ಬಿಳಿ ಸೀರೆಯಲ್ಲಿ. ಪತ್ರದ ಅಕ್ಷರಕ್ಕೆ ನಮ್ಮಲ್ಲಿ ಅತಿ ಹತ್ತಿರ ಇರುವವರು ಇವರೇ, ಮಗಳ ಮದುವೆಗೆ ಚಿನ್ನ ಹೊಂದಿಸುವ ಸಾಲದಿಂದ ಬಡ ಮನೆಗಳು ಪಾರಾಗುವುದು ಸಣ್ಣ ಮಾತಲ್ಲ. ಆದರೆ ಬರಿಗಿವಿಯ ಕೆಳಗೆ ಜರಿ ತುಂಬಿದ ಬಿಳಿ ಕಾಂಜೀವರಂ, ಬರಿಗೈಯಲ್ಲಿ ಲಕ್ಷದ ವಾಚು ಬಂದರೆ ಕ್ವೇಕರರ ಬೂದುಬಟ್ಟೆಯ ಕಥೆಯೇ ಮತ್ತೆ. ವಾಚು ಆಭರಣವಲ್ಲ, ಉಪಯೋಗದ ವಸ್ತು ಎಂಬ ವಾದವನ್ನು ಗಂಡಸರು ಬಹಳ ಚೆನ್ನಾಗಿ ಮಂಡಿಸುತ್ತಾರೆ.

ಮದುವೆಯ ಉಡುಪಿಗೆ ನಿಯಮ ಇರುವ ಚರ್ಚು ಅದನ್ನು ಹೇಳಬೇಕಾದದ್ದು ಹೆಸರು ಕೊಡಲು ಜೋಡಿ ಮೊದಲ ಸಲ ಬಂದಾಗ, ಅಳತೆಯ ಜೊತೆಗೆ ಖರ್ಚಿನ ಮಾತನ್ನೂ ಸೇರಿಸಿ. ಮದುವೆಯ ವಾರದಲ್ಲಿ ಪಾದ್ರಿಯೋ ಪಾಸ್ಟರೋ ಫೋಟೊ ನೋಡಿ ಬೇಡವೆಂದರೆ ಟೈಲರ್ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಪಕ್ಕದ ಹೊಲಿಗೆಯಲ್ಲಿ ಒಂದು ಅಂಗುಲ ಮಾರ್ಜಿನ್ ಬಿಟ್ಟಿದ್ದರೆ ಬಿಗಿ ಸಡಿಲಿಸಬಹುದು, ತೋಳಿಲ್ಲದ್ದಕ್ಕೆ ಉಳಿದ ಬಟ್ಟೆಯಲ್ಲಿ ತೋಳು ಕೂರಿಸಬಹುದು, ತೋಳು ಕೂರದಷ್ಟು ಕಂಕುಳು ಆಳವಾಗಿದ್ದರೆ ಮೇಲೊಂದು ಗಿಡ್ಡ ಜಾಕೆಟ್ ಹೊಲಿಯಬಹುದು. ಕತ್ತರಿ ಬಿದ್ದ ಕುತ್ತಿಗೆಯನ್ನು ಏರಿಸಲು ಬರುವುದಿಲ್ಲ. ಒಳಗಿನಿಂದ ನೆಟ್ಟಿನ ತುಂಡು ಕೊಟ್ಟು, ಅದಕ್ಕೆ ಮೈಬಣ್ಣದ ಲೈನಿಂಗ್ ಹಾಕಿ, ಅಂಚಿಗೆ ಲೇಸಿನ ಪಟ್ಟಿ ಕೂರಿಸುವುದೊಂದೇ ದಾರಿ. ಅದಕ್ಕೆ ಅರ್ಧ ಮೀಟರ್ ನೆಟ್ಟು, ಒಂದು ಮೀಟರ್ ಲೇಸು ಸಾಕು. ಲೇಸು ಗೌನಿನದ್ದೇ ಬಿಳಿಯಾಗಿರಬೇಕು, ಅಂಗಡಿಗೆ ಗೌನನ್ನೇ ಒಯ್ದು ಬಿಸಿಲಲ್ಲಿ ಹಿಡಿದು ನೋಡಿ ತನ್ನಿ. ಬಿಳಿಯಲ್ಲೂ ಹಾಲುಬಿಳಿ, ಕೆನೆಬಿಳಿ ಬೇರೆ ಬೇರೆ, ಫೋಟೊದಲ್ಲಿ ತೇಪೆ ಹಾಕಿದ್ದು ಗೊತ್ತಾಗುವುದು ಅಲ್ಲೇ.